ಮೊದಲ ಕಂಪ್ಯೂಟರ್ ನಿಧಾನವಾಗಿರಬಾರದು

ಕಡಿಮೆ ಬೆಲೆಯ ಕಂಪ್ಯೂಟರ್ ಕೊಳ್ಳುವ ಮಾತು ಬಂದಾಗಲೆಲ್ಲ ನಮ್ಮ ದಾವಣಗೆರೆಯಲ್ಲಿ ನನ್ನ ಕಿವಿಗೆ ಬೀಳುವ ಒಂದು ವಾಕ್ಯವಿದೆ: "ಹೊಸದಾಗಿ ಕಲಿಯೋರಿಗೆ ಇಷ್ಟು ಸಾಕು ಬಿಡ್ರಿ." ಅಂಗಡಿಯವರು ಹೇಳುತ್ತಾರೆ, ಮಗಳಿಗೆ ಕೊಡಿಸಲು ಜಗಳೂರಿನಿಂದ ಬಂದ ತಂದೆ ಹೇಳುತ್ತಾರೆ, ಕೊನೆಗೆ ಕಲಿಯಬೇಕಾದವರೇ ಸಂಕೋಚದಿಂದ ಅದನ್ನೇ ಹೇಳಿಕೊಳ್ಳುತ್ತಾರೆ. ಮಾಡುವ ಕೆಲಸ ಚಿಕ್ಕದು, ಆದ್ದರಿಂದ ಯಂತ್ರವೂ ಸೊರಗಿದ್ದರೆ ನಡೆಯುತ್ತದೆ ಎಂಬ ಈ ಎಣಿಕೆಯನ್ನು, ನೆಂಟರಿಗೂ ನೆರೆಹೊರೆಯವರಿಗೂ ಯಂತ್ರ ಆರಿಸಿಕೊಡುತ್ತ ಬಂದ ಅನುಭವದ ಮೇಲೆ, ನಾನು ಒಪ್ಪಲಾರೆ. ನುರಿತವರು ನಿಧಾನವಾದ ಕಂಪ್ಯೂಟರನ್ನು ಸಹಿಸಬಲ್ಲರು. ಪರದೆ ಸ್ತಬ್ಧವಾದಾಗ ಒಳಗೆ ಏನೋ ನಡೆಯುತ್ತಿದೆ, ಕಾಯಬೇಕು ಎಂಬುದು ಅವರಿಗೆ ತಿಳಿದಿರುತ್ತದೆ. ಹೊಸಬರಿಗೆ ಅದು ತಿಳಿಯುವುದಿಲ್ಲ. ಅವರು ಯಂತ್ರದ ನಿಧಾನವನ್ನು ತಮ್ಮದೇ ತಪ್ಪೆಂದು ಭಾವಿಸುತ್ತಾರೆ.

ಒಮ್ಮೆ ಒತ್ತಿದ್ದಕ್ಕೆ ಉತ್ತರ ಬಾರದಿದ್ದರೆ ಅವರು ಮತ್ತೆ ಒತ್ತುತ್ತಾರೆ, ಇನ್ನೊಮ್ಮೆ ಒತ್ತುತ್ತಾರೆ. ಅರ್ಧ ನಿಮಿಷದ ಮೇಲೆ ಅದೇ ಫೈಲು ನಾಲ್ಕು ಕಡೆ ತೆರೆದುಕೊಂಡು ಅವರನ್ನು ಗಾಬರಿಗೊಳಿಸುತ್ತದೆ. ನಿಟ್ಟುವಳ್ಳಿಯಲ್ಲಿರುವ ನಮ್ಮ ಚಿಕ್ಕಮ್ಮ ತಮ್ಮ ಸ್ವಸಹಾಯ ಸಂಘದ ಉಳಿತಾಯ ಮತ್ತು ಸಾಲದ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಇಡಬೇಕೆಂದು ಬಹಳ ಆಸೆಪಟ್ಟಿದ್ದರು. ಮಗ ತಾನು ಬಳಸಿ ಬಿಟ್ಟಿದ್ದ ಲ್ಯಾಪ್‌ಟಾಪ್ ಕೊಟ್ಟ. ಕೆಲವು ವಾರಗಳ ಬಳಿಕ ನಾನು ಹೋದಾಗ ಅದು ಅಲಮಾರಿಯ ಮೇಲಿತ್ತು. "ನನಗಿದು ಒಗ್ಗಲ್ಲಪ್ಪ, ವಯಸ್ಸಾತು. ಪುಸ್ತಕದಾಗೇ ಬರ್ಕಂತೀನಿ ಬಿಡು" ಎಂದರು. ಬಿಚ್ಚಿ ನೋಡಿದರೆ ಯಂತ್ರದ ಮಿದುಳಾದ ಪ್ರೊಸೆಸರ್ ಚೆನ್ನಾಗಿಯೇ ಇತ್ತು. ಕಡತಗಳನ್ನು ಕೂಡಿಡುವ ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಮತ್ತು ಕೆಲಸ ನಡೆಯುವಾಗ ಮಾಹಿತಿ ಹರಡಿಕೊಳ್ಳುವ ಬರೀ 4 ಜಿಬಿ ರ‍್ಯಾಮ್ ಇಡೀ ಯಂತ್ರವನ್ನು ಹಿಡಿದು ಎಳೆಯುತ್ತಿದ್ದವು. ಆ ಡಿಸ್ಕಿನ ಬದಲು ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮನ್ನು 8 ಜಿಬಿಗೆ ಏರಿಸಿದೆವು. ಯಂತ್ರ ಅದೇ, ಚಿಕ್ಕಮ್ಮನೂ ಅವರೇ. ಈಗ ಸಂಘದ ಲೆಕ್ಕವೆಲ್ಲ ಅದರಲ್ಲೇ ಇದೆ. ವಯಸ್ಸಿನ ಮಾತು ಮತ್ತೆ ಬರಲಿಲ್ಲ. ಅವರು ಸುಮ್ಮನೆ ಪುಸ್ತಕಕ್ಕೆ ಮರಳಿದ್ದರೆ, ತನಗೆ ಕಲಿಯುವ ಶಕ್ತಿಯಿಲ್ಲ ಎಂಬ ಸುಳ್ಳು ತೀರ್ಮಾನವನ್ನು ಕೊನೆಯವರೆಗೂ ನಂಬಿಕೊಂಡಿರುತ್ತಿದ್ದರು ಎಂಬುದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಅಗ್ಗದ ಯಂತ್ರ ಬೇಡವೆಂದು ನಾನು ಹೇಳುತ್ತಿಲ್ಲ. ಇರುವ ಸ್ವಲ್ಪ ಹಣ ಎಲ್ಲಿಗೆ ಹೋಗಬೇಕು ಎಂಬುದಷ್ಟೇ ನನ್ನ ಚಿಂತೆ. ಒತ್ತಿದ ಕೂಡಲೇ ಉತ್ತರಿಸುವ ಗುಣಕ್ಕೆ, ಕಣ್ಣಿಗೆ ಹಿತವಾದ ಪರದೆಗೆ, ಬೆರಳಿಗೆ ಹೊಂದುವ ಕೀಲಿಮಣೆಗೆ ಮೊದಲು ಹೋಗಬೇಕು. ಹೆಸರಿಗೆ, ಹೊಳಪಿಗೆ, ಒಂದು ಸಾವಿರ ಜಿಬಿ ಜಾಗಕ್ಕೆ ಆಮೇಲೆ.

ಅದಕ್ಕೂ ಮೊದಲು ಕಂಪ್ಯೂಟರ್ ನಿಜವಾಗಿ ಬೇಕೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಪಹಣಿ ನೋಡುವುದು, ಸೇವಾ ಸಿಂಧುವಿನಲ್ಲಿ ಅರ್ಜಿಯ ಸ್ಥಿತಿ ತಿಳಿಯುವುದು, ಕರೆಂಟ್ ಬಿಲ್ ಕಟ್ಟುವುದು, ವಿಡಿಯೊ ಕರೆಯಲ್ಲಿ ಮೊಮ್ಮಕ್ಕಳ ಮುಖ ನೋಡುವುದು, ಇವೆಲ್ಲ ಫೋನಿನಲ್ಲೇ ಆಗುತ್ತವೆ, ಹೆಚ್ಚಿನವರಿಗೆ ಅಲ್ಲೇ ಸುಲಭ. ಆದರೆ ಎರಡು ಪುಟಕ್ಕಿಂತ ಉದ್ದವಾದದ್ದನ್ನು ಬರೆಯಬೇಕಾದಾಗ, ಸಾಲು ಸಾಲಾಗಿ ಲೆಕ್ಕ ಇಡಬೇಕಾದಾಗ, ಪ್ರವೇಶಾತಿ ಅರ್ಜಿಗೆ ಫೋಟೊ ಮತ್ತು ಸಹಿಯನ್ನು ಇಂತಿಷ್ಟೇ ಕೆಬಿಯೊಳಗೆ ಇಳಿಸಿ ಹಾಕಬೇಕಾದಾಗ, ಒಂದು ಕಡೆ ಪಾಠ ನೋಡುತ್ತ ಇನ್ನೊಂದು ಕಡೆ ಟಿಪ್ಪಣಿ ಬರೆಯಬೇಕಾದಾಗ ಫೋನು ಸಾಲುವುದಿಲ್ಲ. ಇವುಗಳಲ್ಲಿ ಒಂದಾದರೂ ವಾರಕ್ಕೊಮ್ಮೆಯಾದರೂ ಬರುವವರಿಗೆ ಕಂಪ್ಯೂಟರ್ ಬೇಕು. ಬಾರದವರು ಹಣ ಉಳಿಸಿಕೊಳ್ಳಲಿ.

ಈಗ ಡಿಸ್ಕಿನ ಮಾತನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಒಂದೇ ಒಂದು ವಿಷಯ ನೋಡಿ ಕೊಳ್ಳಿ ಎಂದರೆ ನಾನು ಇದನ್ನೇ ಆರಿಸುತ್ತೇನೆ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ತಟ್ಟೆಗಳು ತಿರುಗುತ್ತವೆ. ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು. ಬೇಕಾದ ಮಾಹಿತಿ ಇರುವ ಜಾಗಕ್ಕೆ ಓದುವ ತಲೆ ಸರಿದು, ಆ ಭಾಗ ತಿರುಗಿ ಅದರ ಕೆಳಗೆ ಬರುವವರೆಗೆ ಕಾಯಬೇಕು. ಒಂದು ಸುತ್ತಿಗೆ 11 ಮಿಲಿಸೆಕೆಂಡ್ ಆಗುವುದರಿಂದ, ತಲೆ ಸರಿಯುವ ಹೊತ್ತನ್ನೂ ಸೇರಿಸಿದರೆ, ಅಲ್ಲಲ್ಲಿ ಚದುರಿದ ಸಣ್ಣ ತುಣುಕುಗಳನ್ನು ಸೆಕೆಂಡಿಗೆ ನೂರು ಬಾರಿಯೂ ಎತ್ತಲಾಗುವುದಿಲ್ಲ. ವಿಂಡೋಸ್ ಶುರುವಾಗುವುದೆಂದರೆ ಇಂಥ ಸಾವಿರಾರು ತುಣುಕುಗಳನ್ನು ಎತ್ತುವುದು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಒಂದು ತುಣುಕಿಗೆ ಮಿಲಿಸೆಕೆಂಡಿನ ಹತ್ತನೆಯ ಒಂದು ಭಾಗ ಸಾಕು. ಹೀಗಾಗಿ ಅಗ್ಗದ ಎಸ್‌ಎಸ್‌ಡಿ ಇರುವ ಸಾಧಾರಣ ಯಂತ್ರವು, ತಿರುಗುವ ಡಿಸ್ಕ್ ಇರುವ ದುಬಾರಿ ಯಂತ್ರಕ್ಕಿಂತ ಹೊಸಬರ ಕೈಯಲ್ಲಿ ಚುರುಕಾಗಿರುತ್ತದೆ. ಜೊತೆಗೆ ನಮ್ಮ ಊರಿನ ಧೂಳು, ಬಸ್ಸಿನ ಕುಲುಕು, ಮೇಜಿನಿಂದ ಜಾರುವ ಅಪಾಯ ಇವನ್ನೆಲ್ಲ ಅದು ಹೆಚ್ಚು ತಾಳಿಕೊಳ್ಳುತ್ತದೆ. ಸರಳ ಬಳಕೆಗೆ 256 ಜಿಬಿ ಧಾರಾಳ.

ಇದರಲ್ಲೇ ಒಂದು ಎಚ್ಚರಿಕೆ ಅಗತ್ಯ. ಅತಿ ಅಗ್ಗದ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿ ಬದಲು ಇಎಂಎಂಸಿ ಎಂಬ ಚಿಪ್ ಇರುತ್ತದೆ, ಹಲವು ಬಾರಿ 64 ಜಿಬಿಯದು. ವಿಂಡೋಸ್ 11 ಬೇಡುವ ಕನಿಷ್ಠ ಜಾಗವೇ 64 ಜಿಬಿ. ಒಂದೆರಡು ದೊಡ್ಡ ಪರಿಷ್ಕರಣೆಗಳು (ಅಪ್‌ಡೇಟ್) ಬಂದ ಮೇಲೆ ಜಾಗ ತುಂಬಿ, ಮುಂದಿನ ಪರಿಷ್ಕರಣೆ ಇಳಿಯದೆ, ಹೊಸಬರಿಗೆ ಅರ್ಥವಾಗದ ಸೂಚನೆಗಳು ಪರದೆಯ ಮೇಲೆ ಬರತೊಡಗುತ್ತವೆ. ಚಿಪ್ಪನ್ನು ಬೋರ್ಡಿಗೆ ಬೆಸುಗೆ ಹಾಕಿರುವುದರಿಂದ ಬದಲಿಸಲೂ ಆಗುವುದಿಲ್ಲ. ಪೆಟ್ಟಿಗೆಯ ಮೇಲೆ "ಹೊಸದು" ಎಂದಿದ್ದರೂ, ಇಂಥದ್ದಕ್ಕಿಂತ ಒಳ್ಳೆಯ ಸ್ಥಿತಿಯಲ್ಲಿರುವ ಬಳಸಿದ ಯಂತ್ರವನ್ನೇ ನಾನು ಆರಿಸುತ್ತೇನೆ.

ರ‍್ಯಾಮಿನ ವಿಷಯವನ್ನು ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರಿಗೆ ವಿವರಿಸುವಾಗ ನನಗೆ ಹೊಳೆದ ಹೋಲಿಕೆ ಅವರ ಕಣದ್ದೇ ಆಗಿತ್ತು. ಗೋದಾಮು ಎಷ್ಟೇ ದೊಡ್ಡದಿದ್ದರೂ ಹರಡುವ ಕಣ ಚಿಕ್ಕದಾದರೆ ಚೀಲವನ್ನು ಹೊರಗೆ ತರುವುದು, ಒಳಗೆ ಒಯ್ಯುವುದು ಇದರಲ್ಲೇ ದಿನ ಕಳೆಯುತ್ತದೆ. ಡಿಸ್ಕ್ ಗೋದಾಮಾದರೆ ರ‍್ಯಾಮ್ ಕಣ. ವಿಂಡೋಸ್ 11 ಕನಿಷ್ಠ 4 ಜಿಬಿ ಕೇಳುತ್ತದೆ ಎಂಬುದು ನಿಜವಾದರೂ ಅದರ ಬಹುಪಾಲನ್ನು ತನಗೇ ಇಟ್ಟುಕೊಳ್ಳುತ್ತದೆ. ಬ್ರೌಸರ್‌ನಲ್ಲಿ ನಾಲ್ಕೈದು ಪುಟ ತೆರೆದರೆ ಉಳಿದದ್ದು ಮುಗಿಯಿತು. ಆದ್ದರಿಂದ 8 ಜಿಬಿಗೆ ಕಡಿಮೆಯಾದದ್ದನ್ನು ಇವತ್ತು ಕೊಳ್ಳಬಾರದು. 16 ಜಿಬಿ ಸರಳ ಕೆಲಸಕ್ಕೆ ಬೇಕಿಲ್ಲ, ಆದರೆ ಮುಂದೆ ಏರಿಸಲು ಒಂದು ಖಾಲಿ ಸ್ಲಾಟ್ ಇದೆಯೇ ಎಂದು ಕೇಳಿಡಬೇಕು.

ಪ್ರೊಸೆಸರ್ ವಿಷಯದಲ್ಲಿ ಜನರನ್ನು ದಾರಿ ತಪ್ಪಿಸುವುದು ಹೆಸರು. "ಐ5 ಇದೆ ನೋಡ್ರಿ" ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಐ5 ಎಂಬುದು ಇಂಟೆಲ್ ಕಂಪನಿಯ ಪ್ರೊಸೆಸರ್‌ಗಳ ಒಂದು ದರ್ಜೆಯ ಹೆಸರು ಮಾತ್ರ. ಯಾವ ಪೀಳಿಗೆಯದು ಎಂಬುದು ಅದರ ಮುಂದಿನ ಸಂಖ್ಯೆಯಲ್ಲಿದೆ. ಐ5-7200ಯು ಏಳನೆಯ ಪೀಳಿಗೆ, ಎರಡು ಕೋರ್, ಅಂದರೆ ಏಕಕಾಲಕ್ಕೆ ದುಡಿಯುವ ಎರಡು ಘಟಕ. ಐ5-8250ಯು ಎಂಟನೆಯ ಪೀಳಿಗೆ, ನಾಲ್ಕು ಕೋರ್. ಹೊರಗಿನಿಂದ ನೋಡಿದರೆ ಎರಡೂ ಯಂತ್ರಗಳು ಒಂದೇ ತರಹ, ಬೆಲೆಯಲ್ಲೂ ಅಂತರ ಕಡಿಮೆ. ಆದರೆ ಅವುಗಳ ನಡುವೆ ದೊಡ್ಡದೊಂದು ಗೆರೆ ಎಳೆಯಲಾಗಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11, ಕೆಲವೇ ಅಪವಾದಗಳನ್ನು ಬಿಟ್ಟರೆ, ಇಂಟೆಲ್‌ನ ಎಂಟನೆಯ ಪೀಳಿಗೆಯಿಂದ ಈಚಿನ ಯಂತ್ರಗಳಿಗಷ್ಟೇ ಅಧಿಕೃತವಾಗಿ ಸಿಗುತ್ತದೆ, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಇರಬೇಕು. ಇನ್ನೊಂದು ಕಂಪನಿಯಾದ ಎಎಂಡಿಯ ಪ್ರೊಸೆಸರ್ ಆದರೆ ರೈಜೆನ್ 3000 ಸರಣಿ ಅಥವಾ ಅದರ ನಂತರದ್ದನ್ನು ನೋಡಿದರೆ ಚಿಂತೆಯಿಲ್ಲ. ಈ ಗೆರೆಯ ಹಿಂದಿನ ಯಂತ್ರಗಳನ್ನು ದೊಡ್ಡ ಕಂಪನಿಗಳು ಒಟ್ಟೊಟ್ಟಿಗೆ ಕೈಬಿಟ್ಟಾಗ ಅವು ಅಗ್ಗವಾಗಿ ಮಾರುಕಟ್ಟೆಗೆ ಬರುತ್ತವೆ, ಮತ್ತು ಅವುಗಳನ್ನು ಕೊಳ್ಳುವವರು ಹೆಚ್ಚಾಗಿ ಏನೂ ತಿಳಿಯದ ಹೊಸಬರೇ ಆಗಿರುತ್ತಾರೆ.

ಹೊಸ ಯಂತ್ರವೇ ಬೇಕೆನ್ನುವವರಿಗೆ, ಹೆಸರು ಚಿಕ್ಕದಾದರೂ ಕೆಲಸ ಚೆನ್ನಾಗಿ ಮಾಡುವ ಪ್ರೊಸೆಸರ್‌ಗಳಿವೆ. 2023ರಲ್ಲಿ ಬಂದ ಇಂಟೆಲ್ ಎನ್100 ನಾಲ್ಕು ಕೋರ್‌ಗಳದು, ಅದರ ವಿದ್ಯುತ್ ಬಳಕೆಯ ಗುರಿ ಕೇವಲ 6 ವ್ಯಾಟ್. ಬರವಣಿಗೆ, ಲೆಕ್ಕ, ಬ್ರೌಸಿಂಗ್, ವಿಡಿಯೊ ಪಾಠಗಳಿಗೆ ಅದು ಮೇಲೆ ಹೇಳಿದ ಏಳನೆಯ ಪೀಳಿಗೆಯ ಐ5ಗಿಂತ ಮುಂದಿದೆ. ಅಂಗೈಯಗಲದ ಮಿನಿ ಪಿಸಿಗಳಲ್ಲಿ ಇದು ಸಿಗುತ್ತದೆ. ಮನೆಯಲ್ಲಿ ಎಚ್‌ಡಿಎಂಐ ಎಂಬ ಕಿಂಡಿ ಇರುವ ಟಿವಿ ಇದ್ದರೆ ಮಾನಿಟರ್ ಖರ್ಚೂ ಸದ್ಯಕ್ಕೆ ಉಳಿಯುತ್ತದೆ, ಆದರೂ ದೂರದ ಟಿವಿ ನೋಡುತ್ತ ಬರೆಯುವುದು ಕಣ್ಣಿಗೂ ಕತ್ತಿಗೂ ಒಳ್ಳೆಯದಲ್ಲ. ಒಂದು 22 ಇಂಚಿನ ಮಾನಿಟರ್ ಹಾಕಿಕೊಳ್ಳುವುದೇ ಉತ್ತಮ.

ಲ್ಯಾಪ್‌ಟಾಪೋ ಮೇಜಿನ ಕಂಪ್ಯೂಟರೋ ಎಂಬ ಪ್ರಶ್ನೆಗೆ ಎಲ್ಲರಿಗೂ ಒಂದೇ ಉತ್ತರ ಇಲ್ಲ. ಹಾಸ್ಟೆಲ್‌ನಲ್ಲಿರುವ ವಿದ್ಯಾರ್ಥಿಗೆ ಲ್ಯಾಪ್‌ಟಾಪ್ ಬೇಕು, ಅದರಲ್ಲಿ ಚರ್ಚೆಯೇ ಇಲ್ಲ. ಆದರೆ ಐವತ್ತು ದಾಟಿದವರು ಮನೆಯಲ್ಲೇ ಕುಳಿತು ಬಳಸುವುದಾದರೆ ದೊಡ್ಡ ಪರದೆ, ಬಿಡಿ ಕೀಲಿಮಣೆ, ಕೈಗೆ ಸಿಗುವ ಮೌಸ್ ಇವು ಕಲಿಕೆಯನ್ನು ಎಷ್ಟು ಹಗುರ ಮಾಡುತ್ತವೆ ಎಂಬುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಮೇಲೆ ಬೆರಳು ಜಾರಿಸಿ ಬಾಣದ ಗುರುತನ್ನು ಹಿಡಿಯುವುದೇ ಹಲವರಿಗೆ ಮೊದಲ ಸೋಲು. ನೂರಾರು ರೂಪಾಯಿಯ ಮೌಸ್ ಒಂದನ್ನು ಚುಚ್ಚಿಕೊಟ್ಟರೆ ಆ ಸೋಲೇ ಇರುವುದಿಲ್ಲ. ಇನ್ನು ಕರೆಂಟು. ಬೆಸ್ಕಾಂ ಮುನ್ಸೂಚನೆ ಕೊಟ್ಟು ತೆಗೆಯುವುದಕ್ಕಿಂತ, ಮಳೆಗಾಳಿಗೆ ಹಠಾತ್ತನೆ ಹೋಗುವುದೇ ತೊಂದರೆ. ಲ್ಯಾಪ್‌ಟಾಪಿಗೆ ಅದರದೇ ಬ್ಯಾಟರಿ ಇದೆ; ಮೇಜಿನ ಕಂಪ್ಯೂಟರಿಗೆ ಒಂದು ಚಿಕ್ಕ ಯುಪಿಎಸ್ ಖರ್ಚನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಬರೆದದ್ದೆಲ್ಲ ಒಮ್ಮೆ ಹಾಗೆ ಅಳಿದುಹೋದರೆ, ಹೊಸಬರು ಮತ್ತೆ ಬರೆಯಲು ಕೂರುವುದು ಕಷ್ಟ.

ಲ್ಯಾಪ್‌ಟಾಪ್ ಪರದೆಯ ವಿಷಯದಲ್ಲಿ ಒಂದೇ ಮಾತು: 15.6 ಇಂಚಿನ ಪರದೆಯಲ್ಲಿ 1366×768 ಚುಕ್ಕಿಗಳಿದ್ದರೆ ಕನ್ನಡದ ಒತ್ತಕ್ಷರಗಳು ಒರಟಾಗಿ ಕಾಣುತ್ತವೆ, 1920×1080 ಇದ್ದರೆ ಸ್ಪಷ್ಟವಾಗಿರುತ್ತವೆ.

ಬಳಸಿದ ಯಂತ್ರಗಳ ಬಗ್ಗೆ ನಮ್ಮಲ್ಲಿ ಅನಗತ್ಯ ಅಳುಕಿದೆ. ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್ ಮುಂತಾದವು ಕಚೇರಿ ಬಳಕೆಗೆಂದೇ ಗಟ್ಟಿಯಾಗಿ ಮಾಡಿದ ಸರಣಿಗಳು. ಬೆಂಗಳೂರಿನ ಕಂಪನಿಗಳು ಮೂರ‍್ನಾಲ್ಕು ವರ್ಷ ಬಳಸಿ ಹಿಂತಿರುಗಿಸಿದ ಮೇಲೆ ಅವು ಕಂಪ್ಯೂಟರ್ ಅಂಗಡಿಗಳ ಸಾಲಿರುವ ಅಲ್ಲಿನ ಎಸ್.ಪಿ. ರಸ್ತೆಗೂ ಅಲ್ಲಿಂದ ನಮ್ಮ ಊರಿನ ಅಂಗಡಿಗಳಿಗೂ ಬರುತ್ತವೆ. ಕೀಲಿಮಣೆ ಒಳ್ಳೆಯದಿರುತ್ತದೆ, ಹಿಂಬದಿಯ ಸ್ಕ್ರೂ ಬಿಚ್ಚಿದರೆ ಬಿಡಿಭಾಗ ಬದಲಿಸಲು ಬರುತ್ತದೆ. ಅಲ್ಲೇ ನಿಂತು ನೋಡಬೇಕಾದದ್ದು ಕೆಲವಿದೆ. ವಿಂಡೋಸ್‌ನಲ್ಲೇ ಬ್ಯಾಟರಿ ವರದಿ ತೆಗೆಯುವ ಸೌಲಭ್ಯವಿದೆ. ಹೊಸದಿದ್ದಾಗಿನ ಸಾಮರ್ಥ್ಯವನ್ನೂ ಈಗ ತುಂಬಿಕೊಳ್ಳುವ ಸಾಮರ್ಥ್ಯವನ್ನೂ ಅದು ಅಕ್ಕಪಕ್ಕ ತೋರಿಸುತ್ತದೆ, ಎರಡನೆಯದು ಅರ್ಧಕ್ಕಿಂತ ಇಳಿದಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಚೌಕಾಶಿಯಲ್ಲಿ ಹಿಡಿಯಬೇಕು. ಟಾಸ್ಕ್ ಮ್ಯಾನೇಜರ್ ತೆರೆದರೆ ರ‍್ಯಾಮ್ ಎಷ್ಟು, ಡಿಸ್ಕ್ ಯಾವ ಬಗೆಯದು, ಪ್ರೊಸೆಸರ್ ಯಾವುದು ಎಂಬುದೆಲ್ಲ ಕಾಣುತ್ತದೆ, ಹೊರಗಿನ ಸ್ಟಿಕ್ಕರ್ ನಂಬಬೇಕಿಲ್ಲ. ಪ್ರತಿ ಕೀಲಿಯನ್ನೂ ಒತ್ತಿ, ಪ್ರತಿ ಯುಎಸ್‌ಬಿ ಕಿಂಡಿಗೂ ಪೆನ್‌ಡ್ರೈವ್ ಹಾಕಿ, ವೈಫೈ, ಕ್ಯಾಮೆರಾ, ಸ್ಪೀಕರ್ ಪರೀಕ್ಷಿಸಿ, ಪರದೆ ಮಡಚುವ ಹಿಂಜಿನ ಹತ್ತಿರ ಬಿರುಕಿದೆಯೇ ಎಂದು ಬೆರಳಾಡಿಸಿ ನೋಡಬೇಕು. ಹೆಚ್ಚಿನವರು ಕೇಳದ ಇನ್ನೊಂದು ಪ್ರಶ್ನೆಯಿದೆ: ಇದು ಹಿಂದಿನ ಕಂಪನಿಯ ನಿಯಂತ್ರಣದಿಂದ ಪೂರ್ತಿ ಬಿಡುಗಡೆಯಾಗಿದೆಯೇ? ವಿಂಡೋಸನ್ನು ಹೊಸದಾಗಿ ಹಾಕಿ ಇಂಟರ್ನೆಟ್‌ಗೆ ಸೇರಿಸಿದಾಗ ಯಾವುದೋ ಸಂಸ್ಥೆಯ ಲಾಗಿನ್ ಕೇಳಿದರೆ ಆ ಯಂತ್ರವನ್ನು ಅಲ್ಲೇ ಬಿಟ್ಟು ಬರಬೇಕು. ವಿಂಡೋಸ್‌ಗೂ ಮೊದಲು ಓಡುವ ಬಯಾಸ್ ಎಂಬ ಒಳ ತಂತ್ರಾಂಶಕ್ಕೆ ಪಾಸ್‌ವರ್ಡ್ ಇದ್ದರೂ ಹಾಗೆಯೇ.

ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಲಿನಕ್ಸ್ ಬಗ್ಗೆ ನನ್ನ ಅಭಿಪ್ರಾಯ ಕೆಲಸವನ್ನು ನೋಡಿ ಬದಲಾಗುತ್ತದೆ. ಅದರ ಬಗೆಗಳಾದ ಲಿನಕ್ಸ್ ಮಿಂಟ್, ಉಬುಂಟು ಉಚಿತ, ಏಳನೆಯ ಪೀಳಿಗೆಯ ಯಂತ್ರದಲ್ಲೂ ಚುರುಕಾಗಿ ನಡೆಯುತ್ತವೆ, ಉಬುಂಟುವಿನ ದೀರ್ಘಾವಧಿ ಆವೃತ್ತಿಗಳಿಗೆ ಐದು ವರ್ಷ ಪರಿಷ್ಕರಣೆ ಸಿಗುತ್ತದೆ. ಮನೆಯಲ್ಲಿ ಈಗಾಗಲೇ ಹಳೆಯ ಯಂತ್ರವಿದ್ದು, ಬ್ರೌಸರ್ ಮತ್ತು ಬರವಣಿಗೆ ಮಾತ್ರ ಬೇಕಾದವರಿಗೆ ಅದನ್ನು ಎಸೆಯದೆ ಉಳಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಮಂಡಿಪೇಟೆಯ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಹಿಡಿಯಲು ಕಲಿಯುವ ಹುಡುಗಿಗೆ ಮಾತ್ರ ನಾನು ಹಾಗೆ ಹೇಳುವುದಿಲ್ಲ. ಅವಳಿಗೆ ಲೆಕ್ಕಪತ್ರದ ತಂತ್ರಾಂಶವಾದ ಟ್ಯಾಲಿ ಬೇಕು, ಟ್ಯಾಲಿ ಪ್ರೈಮ್ ವಿಂಡೋಸ್‌ಗೆ ಮಾಡಿದ್ದು. ವಿಂಡೋಸ್ ಬದಲು ಗೂಗಲ್‌ನ ಕ್ರೋಮ್ ಓಎಸ್ ಇರುವ ಲ್ಯಾಪ್‌ಟಾಪಾದ ಕ್ರೋಮ್‌ಬುಕ್ಕಿಗೂ ಇದೇ ಮಾತು ಅನ್ವಯಿಸುತ್ತದೆ. ಅದು ಸರಳ, ವೈರಸ್ ಕಾಟ ಕಡಿಮೆ, ಆದರೆ ಬಳಸಿದ್ದನ್ನು ಕೊಳ್ಳುವಾಗ ಆ ಮಾದರಿಗೆ ಪರಿಷ್ಕರಣೆ ಯಾವ ವರ್ಷದವರೆಗೆ ಎಂದು ಸೆಟ್ಟಿಂಗ್ಸ್‌ನಲ್ಲೇ ನೋಡಬೇಕು.

ಕನ್ನಡ ಬರೆಯುವುದು ಯಾವ ದಾರಿಯಲ್ಲೂ ಅಡ್ಡಿಯಾಗುವುದಿಲ್ಲ. ವಿಂಡೋಸ್‌ನಲ್ಲಿ ಇನ್‌ಸ್ಕ್ರಿಪ್ಟ್ ಎಂಬ ಪ್ರಮಾಣಿತ ವಿನ್ಯಾಸ ಮತ್ತು ಉಚ್ಚಾರಣೆ ಆಧಾರಿತ ಕೀಲಿಮಣೆ ಎರಡೂ ಇವೆ, ಕನ್ನಡ ಗಣಕ ಪರಿಷತ್ತಿನ (ಕಗಪ) ನುಡಿ ತಂತ್ರಾಂಶವನ್ನೂ ಹಾಕಿಕೊಳ್ಳಬಹುದು. ಲಿನಕ್ಸ್‌ನಲ್ಲಿ ಕಗಪ ವಿನ್ಯಾಸ ಜೊತೆಗೇ ಬರುತ್ತದೆ, ಕನ್ನಡ ಕೀಲಿಮಣೆ ರೂಪಿಸಿದ ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿ ಕಲಿತವರಿಗೆ ಅದು ಪರಿಚಿತವೆನಿಸುತ್ತದೆ. ಹಿಂದೆ ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳಿರುವ ನಿವೃತ್ತ ಮೇಷ್ಟ್ರುಗಳು ಅವನ್ನು ಎಲ್ಲ ಯಂತ್ರಗಳೂ ಓದಬಲ್ಲ ಯುನಿಕೋಡ್‌ಗೆ ಬದಲಿಸಿಕೊಂಡೇ ಹೊಸ ಯಂತ್ರಕ್ಕೆ ಬರಲಿ.

ಅಗ್ಗವನ್ನೇ ಗುರಿ ಮಾಡಿಕೊಂಡಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದ್ದೇ ಉದಾಹರಣೆಯಿದೆ. 2011ರ ಅಕ್ಟೋಬರ್ 5ರಂದು ವಿದ್ಯಾರ್ಥಿಗಳಿಗಾಗಿ ಬಿಡುಗಡೆಯಾದ ಆಕಾಶ್ ಟ್ಯಾಬ್ಲೆಟ್ಟಿನ ಉದ್ದೇಶ ದೊಡ್ಡದಾಗಿತ್ತು, ನಾನು ಅದನ್ನು ಇಂದಿಗೂ ಗೌರವಿಸುತ್ತೇನೆ. ಆದರೆ 366 ಮೆಗಾಹರ್ಟ್ಸ್ ಪ್ರೊಸೆಸರ್, 256 ಎಂಬಿ ರ‍್ಯಾಮ್, ಬಲವಾಗಿ ಒತ್ತಿದರೆ ಮಾತ್ರ ಅರಿಯುವ ಸ್ಪರ್ಶಪರದೆ ಇದ್ದ ಮೊದಲ ಆವೃತ್ತಿ ಬಳಸಿದವರ ತಾಳ್ಮೆಯನ್ನು ಬೇಗ ಮುಗಿಸಿತು. 2012ರ ನವೆಂಬರ್‌ನಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ ಬದಲಾದವುಗಳಲ್ಲಿ ಇದೇ ಮೂರು ಮುಖ್ಯವಾಗಿದ್ದವು: ಪ್ರೊಸೆಸರ್, ರ‍್ಯಾಮ್, ಪರದೆಯ ಸ್ಪರ್ಶ.

ಹಣ ಉಳಿಸಲು ನಕಲಿ ವಿಂಡೋಸ್ ಮತ್ತು ಬೀಗ ಮುರಿದ ಆಫೀಸ್ ಹಾಕಿಕೊಡುವ ಪದ್ಧತಿ ಹಲವು ಕಡೆ ಇದೆ. ಬ್ಯಾಂಕ್ ಪಾಸ್‌ವರ್ಡ್ ಒತ್ತುವ ಯಂತ್ರಕ್ಕೆ ಯಾರೋ ಅಪರಿಚಿತರು ಬೀಗ ಮುರಿದ ತಂತ್ರಾಂಶ ಹಾಕುವುದು, ಅದೂ ಅಪಾಯವನ್ನು ಗುರುತಿಸಲಾರದ ಹೊಸಬರಿಗೆ, ನನಗೆ ತೀರ ಅನ್ಯಾಯವಾಗಿ ಕಾಣುತ್ತದೆ. ಕಚೇರಿಯಿಂದ ಬಂದ ಬಳಸಿದ ಯಂತ್ರಗಳಲ್ಲಿ ಹೆಚ್ಚಾಗಿ ಅಸಲಿ ವಿಂಡೋಸ್ ಪರವಾನಗಿ ಬೋರ್ಡಿಗೇ ಅಂಟಿಕೊಂಡಿರುತ್ತದೆ; ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಟಿವೇಶನ್ ನೋಡಿದರೆ ತಿಳಿಯುತ್ತದೆ. ಬರವಣಿಗೆಗೂ ಲೆಕ್ಕಕ್ಕೂ ಲಿಬ್ರೆಆಫೀಸ್ ಉಚಿತವಾಗಿದೆ. ಆ್ಯಂಟಿವೈರಸ್ ಬೇರೆ ಕೊಳ್ಳಬೇಕಿಲ್ಲ, ವಿಂಡೋಸ್‌ನಲ್ಲಿರುವುದೇ ಸಾಕು. ಪ್ರಿಂಟರ್ ಕೂಡ ಈಗಲೇ ಬೇಡ. ತಿಂಗಳಿಗೆ ನಾಲ್ಕು ಪುಟಕ್ಕೆ ಜೆರಾಕ್ಸ್ ಅಂಗಡಿಯಿದೆ, ಬಳಸದೆ ಇಟ್ಟ ಇಂಕ್ ಒಣಗುತ್ತದೆ.

ಬೆಂಗಳೂರಿನಲ್ಲಿ ಒಂದೆರಡು ಸಾವಿರ ಕಡಿಮೆಗೆ ಸಿಗುತ್ತದೆಂದು ಸುಮಾರು 260 ಕಿಲೋಮೀಟರ್ ಹೋಗಿ ತರುವವರಿದ್ದಾರೆ. ಮೊದಲ ಯಂತ್ರವನ್ನು ಮಾತ್ರ ಊರಲ್ಲೇ, ಹೋಗಿ ಕೇಳಲು ಬಾಗಿಲು ಇರುವ ಅಂಗಡಿಯಲ್ಲೇ ಕೊಳ್ಳಿ ಎಂದು ನಾನು ಹೇಳುತ್ತೇನೆ. ತೊಂದರೆ ಬಂದಾಗ ಹೊಸಬರಿಗೆ ಫೋನಿನಲ್ಲಿ ವಿವರಿಸಲು ಪದಗಳೇ ಇರುವುದಿಲ್ಲ, ಯಂತ್ರವನ್ನು ಒಯ್ದು ತೋರಿಸಬೇಕಾಗುತ್ತದೆ. 18 ಶೇಕಡ ಜಿಎಸ್‌ಟಿ ತಪ್ಪುತ್ತದೆಂದು ಬಿಲ್ ಬಿಡಬಾರದು. ಬಿಲ್ಲಿನಲ್ಲಿ ಸೀರಿಯಲ್ ನಂಬರ್, ಗ್ಯಾರಂಟಿಯ ಅವಧಿ, ಗ್ಯಾರಂಟಿಯಲ್ಲಿ ಬ್ಯಾಟರಿ ಸೇರಿದೆಯೇ ಇಲ್ಲವೇ ಎಂಬುದು ಬರೆದಿರಬೇಕು, ಅದರ ಫೋಟೊ ಫೋನಿನಲ್ಲಿರಬೇಕು. ಅಂಗಡಿಯಿಂದ ಹೊರಡುವ ಮೊದಲೇ ಅಕ್ಷರದ ಗಾತ್ರ ಹೆಚ್ಚಿಸಿ, ಬಾಣದ ಗುರುತನ್ನು ದೊಡ್ಡದು ಮಾಡಿ, ಡಬಲ್ ಕ್ಲಿಕ್ಕಿನ ವೇಗ ತಗ್ಗಿಸಿ, ಶುರುವಾಗುವಾಗ ತಾವಾಗಿಯೇ ಏಳುವ ಬೇಡದ ತಂತ್ರಾಂಶಗಳನ್ನು ನಿಲ್ಲಿಸಿ, ಕನ್ನಡ ಕೀಲಿಮಣೆ ಸೇರಿಸಿಕೊಂಡರೆ, ಮನೆಗೆ ಬಂದ ಮೊದಲ ಸಂಜೆಯೇ ಅವರು ತಮ್ಮ ಹೆಸರನ್ನು ಕನ್ನಡದಲ್ಲಿ ಬರೆದು ಉಳಿಸಿಕೊಳ್ಳಬಹುದು.